ದಿನಾ ಬೆವರು ಸುರಿಸುತ್ತೇನೆ, ಆದರೂ ಎಲ್‌ಡಿಎಲ್ 238 ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ನನಗೆ 34. ಸಿಗರೇಟ್ ಇಲ್ಲ, ಹೊಟ್ಟೆ ಬಂದಿಲ್ಲ, ಕೌಟುಂಬಿಕ ಹಾಕಿಯಲ್ಲಿ ಪ್ರತಿ ವರ್ಷ ಆಡುತ್ತೇನೆ. ಇನ್ಶೂರೆನ್ಸ್‌ಗೆ ಅಂತ ರಕ್ತ ಕೊಟ್ಟರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 238 ಬಂತು. ಮೂರು ತಿಂಗಳು ಪಂದಿ ಕರಿ ಮುಟ್ಟಲಿಲ್ಲ, ಆಗಲೂ 226. ಅಪ್ಪ 44ಕ್ಕೇ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. ಅಮ್ಮ ಎಲ್ಲದಕ್ಕೂ ಹಂದಿಯೇ ಕಾರಣ ಅಂತಾರೆ. ಇದು ವಂಶದಿಂದ ಬಂದದ್ದಾ?

ಉತ್ತರ: ಹಂದಿಗೆ ಸದ್ಯ ಜಾಮೀನು ಕೊಡೋಣ, ಪೂರ್ತಿ ಬಿಡುಗಡೆ ಬೇಡ. ಊಟ ಬದಲಿಸಿದರೆ ಇಳಿಯುವುದು ಸ್ವಲ್ಪವೇ. 190 ದಾಟಿದರೆ ನಾವು ವಂಶದ ಕಡೆ ನೋಡುತ್ತೇವೆ, ಅದರಲ್ಲೂ ಅಪ್ಪನಿಗೆ ಅಷ್ಟು ಚಿಕ್ಕ ವಯಸ್ಸಲ್ಲಿ ಆಗಿದ್ದರೆ. ಥೈರಾಯ್ಡ್, ಕಿಡ್ನಿ ಮೊದಲು ನೋಡಿಸಿ, ಅವು ಕೆಟ್ಟರೂ ಏರುತ್ತದೆ.

ನಿಮ್ಮ ಕಣವನ್ನೇ ನೆನೆಸಿಕೊಳ್ಳಿ. ಒಣಗಿದ ಕಾಫಿ ರಾಶಿ ಬಿದ್ದಿದೆ, ಚೀಲಕ್ಕೆ ತುಂಬುವವರು ಅರ್ಧದಷ್ಟೇ ಬಂದಿದ್ದಾರೆ. ರಾಶಿ ಕರಗುವುದಿಲ್ಲ ಅಲ್ವಾ? ರಕ್ತದ ಎಲ್‌ಡಿಎಲ್ ಎತ್ತಿಕೊಳ್ಳುವ ಕೊಂಡಿಗಳು ಲಿವರ್ ಮೇಲಿರುತ್ತವೆ. ಅವನ್ನು ಮಾಡುವ ಎಲ್‌ಡಿಎಲ್‌ಆರ್ ಜೀನಿನ ಒಂದು ಪ್ರತಿ ಕೆಟ್ಟರೆ ಕೊಂಡಿ ಕಡಿಮೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ತರಹದ ವಂಶದ ತೊಂದರೆ ಇರುತ್ತದೆ. ಈ ಕೊಂಡಿಯ ಕೆಲಸ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಪಿಸಿಎಸ್‌ಕೆ9 ಅಂತ ಇನ್ನೊಂದು ಜೀನ್ ಇದೆ. ಅದರಿಂದ ಬರುವ ಪ್ರೋಟೀನ್ ಈ ಕೊಂಡಿಗಳನ್ನು ಮುರಿಸುತ್ತದೆ. ಅದರ ಕೆಲಸ ಜಾಸ್ತಿಯಾದರೆ ಎಲ್‌ಡಿಎಲ್ ಏರುತ್ತದೆ. ಅಂಥ ಮನೆತನಗಳು ಫ್ರಾನ್ಸಿನಲ್ಲಿ 2003ರಲ್ಲಿ ಸಿಕ್ಕವು. ಅದೇ ಜೀನ್ ಕೆಲಸ ಮಾಡದವರಲ್ಲಿ ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ, ಹೃದಯದ ತೊಂದರೆಯೂ ತುಂಬಾ ಕಡಿಮೆ ಅಂತ 2006ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಇದನ್ನು ನೋಡಿಯೇ ಪಿಸಿಎಸ್‌ಕೆ9 ತಡೆಯುವ ಈಗಿನ ಇಂಜೆಕ್ಷನ್ ಬಂದಿರುವುದು. ನಿಮಗೆ ಮೊದಲು ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಸಾಕು, ಬೇಕಾದರೆ ಜೊತೆಗೆ ಎಜೆಟಿಮೈಬ್ ಅನ್ನುವ ಇನ್ನೊಂದು ಮಾತ್ರೆ. ಇದಕ್ಕೆ ಜೀನ್ ಟೆಸ್ಟ್ ಬರುವ ತನಕ ಕಾಯಬೇಡಿ. ಅದರಲ್ಲಿ ಏನೂ ಸಿಗದಿದ್ದರೂ 238 ಸುಳ್ಳಾಗುವುದಿಲ್ಲ.

ಹಿಮ್ಮಡಿಯ ಮೇಲಿನ ದಪ್ಪ ಹುರಿಯಂಥ ಸ್ನಾಯುರಜ್ಜನ್ನು ಮುಟ್ಟಿ ನೋಡಿ. ಗಂಟು ಇದೆಯಾ?

(ಅಂದಹಾಗೆ, ಪುಡಿ ಕುದಿಸಿ ಮಾಡುವ ಬೆಲ್ಲದ ಕಾಫಿಯೂ ಎಲ್‌ಡಿಎಲ್ ಸ್ವಲ್ಪ ಏರಿಸುತ್ತದೆ. ಕಾಗದದಲ್ಲಿ ಸೋಸಿದರೆ ಹಾಗೆ ಏರಿಸುವ ಅಂಶ ಬಹುತೇಕ ಉಳಿಯುವುದಿಲ್ಲ. ಕೊಡಗಿನಲ್ಲಿ ಕೂತು ಇದನ್ನು ಹೇಳಲು ಧೈರ್ಯ ಬೇಕು.)

ಪ್ರಶ್ನೆ ಕೇಳಿದವರು: ಇದೆ ಡಾಕ್ಟರ್, ಬಲಗಾಲಿನಲ್ಲಿ, ಗಟ್ಟಿಯಾಗಿ. ಅಪ್ಪನಿಗೂ ಎರಡೂ ಕಾಲಿಗೆ ಇತ್ತು. ಗಂಬೂಟು ಉಜ್ಜಿ ಆಗಿದ್ದು ಅಂದುಕೊಂಡಿದ್ದೆವು. ಬೂಟಿನ ಹಿಂದೆ ಹಳೇ ಬನಿಯನ್ ತುಂಡು ತುರುಕಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಅಕ್ಕ ಮದುವೆಯಾಗಿ ಬೇರೆ ಒಕ್ಕಕ್ಕೆ (ಮನೆತನಕ್ಕೆ) ಹೋಗಿದ್ದಾಳೆ. ಅವಳಿಗೂ ಇರಬಹುದಾ?

ಉತ್ತರ: ಅದು ಬೂಟಿನ ಗಂಟಲ್ಲ, ಕೊಲೆಸ್ಟ್ರಾಲ್ ಸೇರಿದ ಗಂಟು ಇರಬೇಕು. ಆ ಗಂಟು, 238, ಅಪ್ಪನ 44 ಮೂರೂ ಸೇರಿದರೆ ನನಗೆ ಅನುಮಾನ ಉಳಿಯುವುದಿಲ್ಲ. ಈ ವಾರವೇ ಹೃದಯದ ಡಾಕ್ಟರ್‌ಗೆ ತೋರಿಸಿ. ಜೀನಿಗೆ ಒಕ್ಕದ ಹೆಸರು ಗೊತ್ತಿಲ್ಲ. ಅಕ್ಕನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗಿದ್ದರೆ ಮಕ್ಕಳಿಗೂ ಅಷ್ಟೇ. ಹತ್ತು ವರ್ಷದ ಒಳಗೇ ಮಕ್ಕಳ ರಕ್ತ ನೋಡಬಹುದು, ಸಾದಾ ಲಿಪಿಡ್ (ಕೊಲೆಸ್ಟ್ರಾಲ್) ಟೆಸ್ಟ್ ಸಾಕು.

ಇನ್ನೊಬ್ಬರು, ಸೋಮವಾರಪೇಟೆಯಿಂದ: ನನ್ನ ಎಲ್‌ಡಿಎಲ್ 118 ಅಷ್ಟೇ. ಆದರೆ ಅಣ್ಣನಿಗೆ 41ಕ್ಕೇ ಸ್ಟೆಂಟ್ ಹಾಕಿದರು. ನಾನು ಆರಾಮಾಗಿರಬಹುದಾ?

ಉತ್ತರ: ಇಲ್ಲ. ಲೈಪೊಪ್ರೋಟೀನ್ ಎ (ರಕ್ತದಲ್ಲಿ ಎಲ್‌ಡಿಎಲ್ ತರಹದ್ದೇ ಇನ್ನೊಂದು ಕೊಬ್ಬಿನ ಕಣ) ಅಂತ ಟೆಸ್ಟ್ ಇದೆ, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಅದರ ಮಟ್ಟ ಹೆಚ್ಚುಕಡಿಮೆ ಪೂರ್ತಿ ಜೀನಿನಿಂದಲೇ ಬರುತ್ತದೆ, ಪಥ್ಯದಿಂದ ಇಳಿಯುವುದಿಲ್ಲ. ಒಂದು ಡೆಸಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ದಾಟಿದರೆ ಬಿಪಿ, ಶುಗರ್, ಎಲ್‌ಡಿಎಲ್ ಎಲ್ಲವನ್ನೂ ಬಿಗಿಯಾಗಿ ಹಿಡಿಯಬೇಕು.

ಪ್ರಶ್ನೆ ಕೇಳಿದವರು: ಅಕ್ಕನಿಗೆ ಫೋನ್ ಮಾಡಿದೆ. ಶನಿವಾರ ಮಕ್ಕಳನ್ನೂ ಕರೆದುಕೊಂಡು ಲ್ಯಾಬ್‌ಗೆ ಹೋಗುತ್ತಾಳಂತೆ. ಅಮ್ಮ ಮಾತ್ರ ಇನ್ನೂ ಹಂದಿಯನ್ನು ದೂರುವುದು ಬಿಟ್ಟಿಲ್ಲ.