ಅತ್ತಿಗೆ, ಪರೀಕ್ಷೆಗಿಂತ ಮೊದಲು ಶಾಲೆಯ ವಿಚಾರ

ಸುಮತಿ ಅತ್ತಿಗೆ, ನೀವು ಬೆಳಿಗ್ಗೆ ಈ ಗುಂಪಿನಲ್ಲಿ ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಮುಗಿಯುವುದಿಲ್ಲ. ಕೈಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ. ಏಳನೇ ತರಗತಿಯ ಭೂಮಿಕಾಳಿಗೆ ಅವರ ಮೇಷ್ಟ್ರು ‘ಮುಂದಿನ ವರ್ಷ ಎನ್‌ಎಂಎಂಎಸ್ ಪರೀಕ್ಷೆ ಬರೆಯಮ್ಮ’ ಎಂದಿದ್ದಾರೆ, ಅದರಿಂದ ಪ್ರಯೋಜನವಿದೆಯೇ ಎಂದು ಕೇಳಿದಿರಿ. ಅದಕ್ಕೆ ರಂಗಪ್ಪ ಮಾವ, ‘ತಿಂಗಳಿಗೆ ಸಾವಿರ ರೂಪಾಯಿಗೆ ಇಷ್ಟೆಲ್ಲ ಅಲೆದಾಟ ಯಾಕೆ, ಎಂಟಕ್ಕೆ ಪೇಟೆಯ ಖಾಸಗಿ ಶಾಲೆಗೆ ಹಾಕಿಬಿಡಿ’ ಎಂದರು. ಮಾವ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಸಲಹೆಯಂತೆ ನಡೆದರೆ ಆ ಮಗು ಪರೀಕ್ಷೆಗೆ ಕೂರುವ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ.

ಎನ್‌ಎಂಎಂಎಸ್ ಎಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್, ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ವಿದ್ಯಾರ್ಥಿವೇತನ. ಬಡತನದಿಂದಾಗಿ ಎಂಟನೇ ತರಗತಿಗೇ ಓದು ನಿಲ್ಲಿಸುವ ಮಕ್ಕಳನ್ನು ಪಿಯುಸಿವರೆಗೆ ಹಿಡಿದಿಟ್ಟುಕೊಳ್ಳುವುದು ಉದ್ದೇಶ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಹೊಸ ಮಕ್ಕಳು. ಅರ್ಹತೆ ಇರುವುದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ನವೋದಯ, ಕೇಂದ್ರೀಯ ವಿದ್ಯಾಲಯದವರೂ, ಸರ್ಕಾರವೇ ಊಟ ವಸತಿ ಕೊಡುವ ವಸತಿ ಶಾಲೆಯವರೂ ಬರೆಯುವಂತಿಲ್ಲ. ಪರೀಕ್ಷೆ ಎಂಟನೇ ತರಗತಿಯಲ್ಲಿ ಮಾತ್ರ. ಒಂಬತ್ತಕ್ಕೆ ಹೋದ ಮೇಲೆ ಇನ್ನೊಮ್ಮೆ ನೋಡೋಣ ಎನ್ನುವ ಮಾತೇ ಇಲ್ಲ. ಆದ್ದರಿಂದ ಈಗ ನೀವು ಯೋಚಿಸಬೇಕಾದದ್ದು ಪುಸ್ತಕದ ಬಗ್ಗೆ ಅಲ್ಲ, ಎಂಟನೇ ತರಗತಿಗೆ ಯಾವ ಶಾಲೆ ಎಂಬುದರ ಬಗ್ಗೆ. ಪೇಟೆಯ ಶಾಲೆಯೇ ಬೇಕೆಂದರೆ ಅನುದಾನಿತವೋ ಅಲ್ಲವೋ ಎಂದು ಬಾಯಿಬಿಟ್ಟು ಕೇಳಿ. ಬೋರ್ಡು ನೋಡಿದರೆ ತಿಳಿಯುವುದಿಲ್ಲ.

ಏಳರಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ 50 ಸಾಕು. ಭೂಮಿಕಾಳಿಗೆ ಅಷ್ಟು ಅಂಕ ದೊಡ್ಡ ಮಾತೇ ಅಲ್ಲ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ, ಕೊನೆಯ ವಾರದಲ್ಲಿ ಸರ್ವರ್ ಮುಂದೆ ಕುಳಿತು ಕಣ್ಣೀರು ಹಾಕುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಪತ್ರಿಕೆಯಲ್ಲಿ ಏಳು ಎಂಟನೇ ತರಗತಿಯ ಗಣಿತ, ವಿಜ್ಞಾನ, ಸಮಾಜ. ಅದಕ್ಕೆ ನಮ್ಮ ಮಕ್ಕಳು ಹೆದರುವುದಿಲ್ಲ. ಸೋಲುವುದು ಇನ್ನೊಂದರಲ್ಲಿ, ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ. ಸಂಖ್ಯಾಶ್ರೇಣಿ, ಕನ್ನಡಿಯ ಬಿಂಬ, ಗುಂಪಿಗೆ ಸೇರದ್ದನ್ನು ಹುಡುಕುವುದು, ಚಿತ್ರದೊಳಗೆ ಅಡಗಿದ ಆಕೃತಿ: ಇದು ಯಾವ ಪಾಠದಲ್ಲೂ ಇಲ್ಲ. ಜಾಣ ಹುಡುಗಿಯೂ ಮೊದಲ ಸಲ ನೋಡಿದಾಗ ಒಂದೇ ಪ್ರಶ್ನೆಗೆ ಐದು ನಿಮಿಷ ಕಳೆಯುತ್ತಾಳೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಬೇಕು, ಅಷ್ಟೇ ಉಪಾಯ. ದುಬಾರಿ ಕೋಚಿಂಗ್ ಬೇಡವೇ ಬೇಡ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಿ ಅಭ್ಯಾಸವಾಗಲಿ, ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ಜಾರಿಹೋಗುತ್ತದೆ. ಎರಡೂ ಪತ್ರಿಕೆ ಸೇರಿ ಶೇ 40 ಬಂದರೆ ತೇರ್ಗಡೆ, ಪರಿಶಿಷ್ಟರಿಗೆ 32. ಆದರೆ ತೇರ್ಗಡೆಯಾದವರಿಗೆಲ್ಲ ಹಣ ಬರುವುದಿಲ್ಲ, ಆಯ್ಕೆ ಪಟ್ಟಿಯಲ್ಲಿ ಹೆಸರು ಬರಬೇಕು.

ಈಗ ಮಾವನ ಮಾತಿಗೆ ಬರುತ್ತೇನೆ. ಮೊದಲು ತಿಂಗಳಿಗೆ 500 ಇತ್ತು, 2017ರಲ್ಲಿ ಸಾವಿರವಾಯಿತು. ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಅದು ಹುಡುಗಿಯ ಹೆಸರಿನ ಖಾತೆಗೆ ಬೀಳುತ್ತದೆ. ಹತ್ತನೇ ತರಗತಿ ಮುಗಿದಾಗ ‘ಇನ್ನು ಓದಿಸಿದರೆ ಖರ್ಚು’ ಎಂದು ಮನೆಯಲ್ಲಿ ಮಾತು ಬಂದಾಗ ಅವಳ ಪಾಸ್‌ಬುಕ್ ಅವಳ ಪರವಾಗಿ ಮಾತನಾಡುತ್ತದೆ. ಅದರ ಬೆಲೆ ಸಾವಿರಕ್ಕಿಂತ ಜಾಸ್ತಿ ಎಂದು ನನ್ನ ಲೆಕ್ಕ.

ಅಲೆದಾಟದ ವಿಚಾರದಲ್ಲಿ ಮಾತ್ರ ಮಾವ ಹೇಳಿದ್ದು ನಿಜ. ಆಯ್ಕೆಯಾದ ಮೇಲೆಯೇ ಅದು ಶುರು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಅದನ್ನು ಮೊದಲು ಶಾಲೆಯವರು, ಆಮೇಲೆ ಜಿಲ್ಲೆಯವರು ಪರಿಶೀಲಿಸಿ ಒಪ್ಪಬೇಕು. ಶಾಲೆಯಲ್ಲಿ ಯಾರೂ ಲಾಗಿನ್ ತೆರೆಯದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದೂ ಒಂದು ರೂಪಾಯಿ ಕಾಣದ ಮಕ್ಕಳು ನನಗೆ ಗೊತ್ತು. ಪರೀಕ್ಷೆಯ ದಿನ ಹೊಸ ಪೆನ್ನು ಕೊಡಿಸಿ ಕಳುಹಿಸುವ ಅಪ್ಪ ಅಮ್ಮ ನವೀಕರಣದ ಕೊನೆಯ ದಿನಾಂಕವನ್ನು ಕೇಳುವುದೇ ಇಲ್ಲ, ನನಗೆ ಸಿಟ್ಟು ಬರುವುದು ಇಲ್ಲಿ. ಅರ್ಜಿಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ನಾಲ್ಕು ವರ್ಷ ಬದಲಿಸಬೇಡಿ, ಒಟಿಪಿ ಅದಕ್ಕೇ ಬರುತ್ತದೆ.

ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇವೆ ಎಂದರೆ ಸಾಲದು. ನೇರ ನಗದು ವರ್ಗಾವಣೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಸ್ಪಷ್ಟವಾಗಿ ಕೇಳಿ. ಹೆಸರೂ ಅಷ್ಟೇ: ಶಾಲೆಯ ದಾಖಲೆಯಲ್ಲಿ ‘ಭೂಮಿಕಾ ಎಸ್.’, ಆಧಾರ್‌ನಲ್ಲಿ ‘ಎಸ್. ಭೂಮಿಕ’, ಪಾಸ್‌ಬುಕ್‌ನಲ್ಲಿ ಇನ್ನೊಂದು ಎಂದಾದರೆ ಕಂಪ್ಯೂಟರಿಗೆ ಇವರು ಮೂವರು ಹುಡುಗಿಯರು.

ಇನ್ನೊಂದು, ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ತೆಗೆದರೆ ಮಾತ್ರ ಪಿಯುಸಿಗೆ ಹಣ ಮುಂದುವರಿಯುತ್ತದೆ, ಪರಿಶಿಷ್ಟರಿಗೆ 55. ಕಾಲೇಜೂ ಸರ್ಕಾರಿ ಅಥವಾ ಅನುದಾನಿತವೇ ಆಗಿರಬೇಕು. ಆಗ ಯಾವುದಾದರೂ ಒಳ್ಳೆಯ ಖಾಸಗಿ ಕಾಲೇಜು ಪೂರ್ತಿ ಶುಲ್ಕ ಬಿಟ್ಟು ಕರೆದರೆ ಈ ಹನ್ನೆರಡು ಸಾವಿರಕ್ಕಾಗಿ ಅದನ್ನು ಬಿಡಿ ಎಂದು ನಾನೇ ಹೇಳುವುದಿಲ್ಲ. ಆ ಚರ್ಚೆ ಆಗ ಮಾಡೋಣ.

ಸದ್ಯಕ್ಕೆ ಅವಳ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಆರನೇ ತರಗತಿಯ ಅಂಕಪಟ್ಟಿ, ಈ ಮೂರರ ಫೋಟೊ ಕಳುಹಿಸಿ, ಹೆಸರು ತಾಳೆ ನೋಡುತ್ತೇನೆ. ನನಗೊಬ್ಬಳಿಗೇ ಕಳುಹಿಸಿ ಅತ್ತಿಗೆ, ಈ ಗುಂಪಿಗೆ ಹಾಕಬೇಡಿ. ಮಗುವಿನ ಆಧಾರ್ ಸಂಖ್ಯೆ ಊರವರ ಮೊಬೈಲಿನಲ್ಲೆಲ್ಲ ಓಡಾಡುವುದು ಬೇಡ.