ಪದಚರ್ಚೆ: ‘ಶಿಪ್‌ಮೆಂಟ್’ಗೆ ‘ಜಾವಕ’ ಅಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ. ಹೊಟ್ಟೆಪಾಡಿನ ಕೆಲಸ ಮಾತ್ರ ದೂರದ್ದು. ಬ್ಯಾಂಕು, ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳು ತಮ್ಮ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಸ್ವಿಚ್, ರೂಟರ್, ವೈಫೈ ಪೆಟ್ಟಿಗೆ ಕೊಳ್ಳುತ್ತವಲ್ಲ, ಆ ಮಾಲಿನ ಪೇಟೆ ಹೇಗಿದೆ ಅಂತ ನೋಡಿ ಮೂರು ತಿಂಗಳಿಗೊಮ್ಮೆ ವರದಿ ಬರೆಯುತ್ತೇನೆ. ಎಷ್ಟು ಮಾಲು ಹೊರಟಿತು, ಯಾವ ದರಕ್ಕೆ, ಯಾರ ಪಾಲು ಎಷ್ಟು. ಇಷ್ಟೇ.

ಇದನ್ನು ಊರಲ್ಲಿ ಹೇಳುವುದು ಕಷ್ಟ. ನಮ್ಮ ಕಡೆ ‘ನೆಟ್‌ವರ್ಕ್’ ಅಂದರೆ ಗುಡ್ಡ ಹತ್ತಿದಾಗ ಮೊಬೈಲಿಗೆ ಸಿಗುವ ಸಿಗ್ನಲ್ಲು. ದೊಡ್ಡಪ್ಪ ಒಮ್ಮೆ ಕೇಳಿದರು: “ತಮಾ, ನೀ ನೆಟ್‌ವರ್ಕ್ ಕೆಲ್ಸನೇ ಮಾಡ್ತೆ ಅಲ್ದಾ? ನಮ್ಮನೆ ಹತ್ರ ಒಂದು ಟವರ್ ಹಾಕ್ಸಿಕೊಡಾ.” ‘ಮಾರುಕಟ್ಟೆ ವಿಶ್ಲೇಷಕ’ ಅಂದು ನೋಡಿದೆ. ವಿಶ್ಲೇಷಕ ಅಂದರೆ ಚುನಾವಣೆಯ ದಿನ ಟೀವಿಯಲ್ಲಿ ಕೂತು ಮಾತಾಡುವವರು ಅಂತಲೇ ಅವರ ಲೆಕ್ಕ. ಕೊನೆಗೆ ಮೇಲಿನ ಮೂರು ಮಾತು ಬಿಡಿಸಿ ಹೇಳಿದಾಗ, “ಹಂಗಾರೆ ನೀ ಧಾರಣೆ ನೋಡಂವ” ಅಂದರು. ಅಡಿಕೆ ಧಾರಣೆ ನೋಡದೆ ಪೇಪರು ಮಡಚದ ಊರು ನಮ್ಮದು. ಆ ಹೆಸರು ನನಗೆ ಒಪ್ಪಿಗೆಯಾಯಿತು. ವಿಶ್ಲೇಷಕನ ಚರ್ಚೆ ಅಲ್ಲಿಗೆ ಮುಗಿಸುತ್ತೇನೆ.

ತಲೆನೋವು ಇರುವುದು ‘ಪೋರ್ಟ್ ಶಿಪ್‌ಮೆಂಟ್’ ಅನ್ನುವ ಮಾತಿನಲ್ಲಿ. ಸ್ವಿಚ್ಚುಗಳನ್ನು ಪೆಟ್ಟಿಗೆ ಲೆಕ್ಕದಲ್ಲಿ ಎಣಿಸಿದರೆ ಸಾಲದು. ಒಂದರಲ್ಲಿ 24 ಪೋರ್ಟ್, ಅಂದರೆ ವಯರು ಚುಚ್ಚುವ ತೂತು, ಇರುತ್ತವೆ, ಇನ್ನೊಂದರಲ್ಲಿ 48. ಹಾಗಾಗಿ ಕಂಪನಿಯಿಂದ ಎಷ್ಟು ಪೋರ್ಟು ಹೊರಟವು ಅಂತಲೇ ಎಣಿಸುತ್ತೇವೆ, ಅದೇ ಪೋರ್ಟ್ ಶಿಪ್‌ಮೆಂಟ್. ಕಳೆದ ಸಲ ವರದಿಯ ಒಂದು ಪುಟವನ್ನು ಅನುವಾದದ ಯಂತ್ರಕ್ಕೆ ಕೊಟ್ಟೆ. ‘ಈ ಅವಧಿಯಲ್ಲಿ ಬಂದರುಗಳ ಹಡಗು ಸಾಗಣೆ ಹೆಚ್ಚಿದೆ’ ಅಂತ ಬಂತು. ಕಾರವಾರದ ಗೆಳೆಯನಿಗೆ ಕಳಿಸಿದರೆ, “ನಮ್ಮ ಬೈತಖೋಲ ಬಂದರನ್ನೂ ಹೊತ್ಕೊಂಡು ಹೋದ್ರೇನೋ?” ಅಂತ ಮರುಉತ್ತರ.

ಯಂತ್ರವನ್ನು ಸುಮ್ನೆ ಬೈದು ಫಲವಿಲ್ಲ. ಹಡಗು ನಿಲ್ಲುವ ಪೋರ್ಟೂ ವಯರು ಚುಚ್ಚುವ ಪೋರ್ಟೂ ಲ್ಯಾಟಿನ್ ಕಡೆಯ ಅಕ್ಕತಂಗಿಯರು. ಒಂದರ ಮೂಲ ರೇವು, ಇನ್ನೊಂದರದ್ದು ಬಾಗಿಲು. 2011ರಲ್ಲಿ ದೇಶದ ತುಂಬ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲೆ ‘ಸಿಮ್ ಪೋರ್ಟ್ ಮಾಡ್ಸಿದೆ’ ಅನ್ನುವುದೂ ಸೇರಿಕೊಂಡಿತು. ಅದು ಹೊತ್ತೊಯ್ಯುವ ಅರ್ಥದ್ದು. ವಯರಿನ ಪೋರ್ಟಿಗೆ ‘ಕಿಂಡಿ’ ಅನ್ನುವ ಆಸೆ ನನಗೆ ಇತ್ತು. ಕಿಂಡಿ ಅಣೆಕಟ್ಟು ಇದೆ, 48 ಕಿಂಡಿಯ ಸ್ವಿಚ್ ಯಾಕಿರಬಾರದು? ಆದರೆ ಮನೆಗೆ ಕೇಬಲ್ ಎಳೆಯಲು ಬಂದ ಹುಡುಗ ‘ಪೋರ್ಟು’ ಅಂತಲೇ ಅಂದ. ಕೈಯಲ್ಲಿ ಮುಟ್ಟುವವನ ಮಾತು ಮೇಲು. ಪೋರ್ಟು ಇರಲಿ.

ಉಳಿದದ್ದು ಶಿಪ್‌ಮೆಂಟ್. ‘ಸಾಗಣೆ’ ಅಂದರೆ ಲಾರಿ, ಬಾಡಿಗೆ ನೆನಪಾಗುತ್ತವೆ. ‘ರವಾನೆ’ ಪರವಾಗಿಲ್ಲ, ಆದರೆ ಅದು ಒಂದು ಕೆಲಸ, ಎಣಿಸುವ ಲೆಕ್ಕದ ಹೆಸರಾಗಿ ಕಿವಿಗೆ ಕೂರುವುದಿಲ್ಲ. ‘ಮಾರಾಟ’ ಅಂದುಬಿಟ್ಟರೆ ತಪ್ಪೇ ಆಗುತ್ತದೆ. ಯಾಕೆಂದರೆ ಕಂಪನಿಯ ಬಾಗಿಲು ದಾಟಿದ ಮಾಲು ಹೆಚ್ಚಾಗಿ ಹೋಗುವುದು ವಿತರಕರ ಗೋದಾಮಿಗೆ. ಅಲ್ಲಿಂದ ಆಸ್ಪತ್ರೆಯೋ ಕಾಲೇಜೋ ಕೊಂಡಾಗಲೇ ನಿಜವಾದ ಮಾರಾಟ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ ಅಲ್ವಾ? ಚಾಲಿ ಅಡಿಕೆ ಮೂಟೆ ಸೊಸೈಟಿಗೆ ಹೋದದ್ದು ಬೇರೆ, ಧಾರಣೆ ಏರಲಿ ಅಂತ ಕಾದು ಟೆಂಡರಿಗೆ ಬಿಟ್ಟದ್ದು ಬೇರೆ.

ಈ ವ್ಯತ್ಯಾಸ ಸಣ್ಣದಲ್ಲ. 2021ರ ಸುಮಾರಿಗೆ ಈ ಪೆಟ್ಟಿಗೆಗಳ ಒಳಗೆ ಕೂರುವ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆ ಜೋರಾಯಿತು. ಮಾಲು ಸಿಗುತ್ತದೋ ಇಲ್ಲವೋ ಅಂತ ಹೆದರಿ ಕೊಳ್ಳುವವರು ಮೊದಲೇ, ಬೇಕಾದ್ದಕ್ಕಿಂತ ಜಾಸ್ತಿ ಆರ್ಡರ್ ಹಾಕಿದರು. ಆ ಹಳೇ ಬಾಕಿ ತೀರಿಸುತ್ತಾ 2023ರಲ್ಲಿ ಕಂಪನಿಗಳಿಂದ ಹೊರಟ ಮಾಲು ಭರ್ಜರಿಯಾಗಿತ್ತು. ಅದೇ ಹೊತ್ತಿಗೆ ಹೊಸ ಆರ್ಡರ್ ಇಳಿಯುತ್ತಿತ್ತು. ಬಂದ ಪೆಟ್ಟಿಗೆಗಳು ಬಿಚ್ಚದೆ ಗೋದಾಮಿನಲ್ಲಿ ಕೂತಿದ್ದವು. ಹೊರಟದ್ದನ್ನೇ ‘ಮಾರಾಟ’ ಅಂತ ಬರೆದರೆ ಓದುವವನು ಪೇಟೆ ಏರುತ್ತಿದೆ ಅಂದುಕೊಳ್ಳುತ್ತಾನೆ. ಒಳಗೆ ಅದು ಆಗಲೇ ತಣ್ಣಗಾಗಿರುತ್ತದೆ.

ಹಾಗಾಗಿ ‘ಜಾವಕ’. ಎಪಿಎಂಸಿ ಸುದ್ದಿಯಲ್ಲಿ ‘ಆವಕ’ ನಮಗೆಲ್ಲ ಗೊತ್ತು, ಪೇಟೆಗೆ ಬಂದ ಮಾಲು. ಅದರ ಜೋಡಿ ಜಾವಕ, ಹೊರಹೋದದ್ದು. ಮರಾಠಿಯ ಜೋಡಿಪದ ಇದು. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿಗೆ ಸೇರಿತ್ತಲ್ಲ, ಆವಕ ಜಾವಕದ ದಫ್ತರು ನಮ್ಮ ಹಳಬರಿಗೆ ಹೊಸದೇನಲ್ಲ. ಕಂಪನಿಯಿಂದ ಹೊರಟದ್ದು ಜಾವಕ, ವಿತರಕರಲ್ಲಿ ನಿಂತದ್ದು ದಾಸ್ತಾನು, ಕೊನೆಯವರು ಕೊಂಡದ್ದು ಮಾರಾಟ. ‘ಈ ಸಲ ಜಾವಕ ಜಾಸ್ತಿ, ದಾಸ್ತಾನೂ ಜಾಸ್ತಿ’ ಅಂದರೆ ದೊಡ್ಡಪ್ಪನೂ ‘ಧಾರಣೆ ಬೀಳ್ತು’ ಅಂತ ಹೇಳಿಬಿಡುತ್ತಾರೆ.

ಅನುಮಾನ ಒಂದೇ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಜಾವಕ ಅಂದಕೂಡಲೇ ಹೊರಹೋಗುವ ಟಪಾಲು ನೆನಪಾಗಿ, ಮಾಲಿನ ಅರ್ಥ ಹೊಳೆಯದೆ ಹೋದೀತೇ? ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಅಂಗಡಿ ಲೆಕ್ಕದಲ್ಲಿ ಈ ಪದ ಇನ್ನೂ ಓಡಾಡುತ್ತಿದೆಯೇ? ಇನ್ನೊಂದು, ಮೀನು ವ್ಯಾಪಾರ ಬಲ್ಲವರಿಗೆ: ಐಸ್ ಹಾಕಿ ಲಾರಿಗೆ ಏರಿಸಿ ಕಳಿಸಿಯಾಗಿದೆ, ಆದರೆ ಆ ಕಡೆ ಇನ್ನೂ ಬಿಕರಿಯಾಗಿಲ್ಲ, ಅಂಥ ಮಾಲಿಗೆ ಮೀನು ಇಳಿಸುವ ದಕ್ಕೆಯಲ್ಲಿ ಏನನ್ನುತ್ತಾರೆ? ಒಂದೇ ಪದ ಇದ್ದರೆ ಜಾವಕವನ್ನು ಬಿಟ್ಟು ಅದನ್ನೇ ಹಿಡಿಯುತ್ತೇನೆ.