ಪದಚರ್ಚೆ: ಬರೆದು ಆಡುವ ಆಟದಲ್ಲಿ ‘ಆಡಿಸುವವರಿಗೆ’ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಅದನ್ನು ಕೇಳಲು ಹೊರಟರೆ ಹಿಂದೆ ಇನ್ನೂ ನಾಲ್ಕೈದು ಬಾಲದಂತೆ ಬರುತ್ತವೆ. ಹಾಗಾಗಿ ಬರಹ ಉದ್ದವಾಗಿದೆ, ಬೇಸರಿಸಬೇಡಿ.

ನಾವು ಏಳು ಜನ ಎರಡು ವರ್ಷದಿಂದ ಒಂದು ಕಥೆ ಆಡುತ್ತಿದ್ದೇವೆ. ಟೆಲಿಗ್ರಾಂ ಗುಂಪಿನಲ್ಲಿ, ಬರೀ ಬರಹದಲ್ಲಿ. ಚಿತ್ರ ಇಲ್ಲ, ದನಿ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡಿತು, ಏನು ಹೇಳಿತು ಎಂದು ನಾಲ್ಕು ಸಾಲು ಬರೆಯುತ್ತಾರೆ. ಅದಕ್ಕೆ ಇನ್ನೊಬ್ಬರು ನಾಲ್ಕು ಸಾಲು ಸೇರಿಸುತ್ತಾರೆ. ಕಥೆ ನಡೆಯುವುದು ಗೇರುಸೊಪ್ಪೆಯಲ್ಲಿ, 16ನೇ ಶತಮಾನದಲ್ಲಿ. ಚೆನ್ನಭೈರಾದೇವಿಯ ಕಾಲ, ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂದರಲ್ಲ, ಅವಳೇ. ರಾಣಿ ನಮ್ಮ ಕಥೆಗೆ ಇನ್ನೂ ಕಾಲಿಟ್ಟಿಲ್ಲ ಬಿಡಿ. ಹೇರೆತ್ತುಗಳ ಮೇಲೆ ಮೆಣಸು ಹೇರಿಕೊಂಡು ಘಟ್ಟ ಇಳಿಯುವ ಒಂದು ತಂಡ, ಶರಾವತಿ ದಾಟಿಸುವ ಅಂಬಿಗ, ಒಬ್ಬ ದುಭಾಷಿ, ಒಬ್ಬ ಸುಂಕದವನು, ಇಷ್ಟರಲ್ಲೇ ಎರಡು ವರ್ಷ ಕಳೆದಿದೆ.

ನನಗೆ ಪಾತ್ರ ಇಲ್ಲ. ಸನ್ನಿವೇಶ ಕಟ್ಟುವುದು, ಬೇಕಾದಾಗ ಮಳೆ ಬರಿಸುವುದು, ಜಗಳ ಬಂದರೆ ಬಿಡಿಸುವುದು ನನ್ನ ಕೆಲಸ. ಇಂಗ್ಲಿಷಿನವರು ಇಂಥವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಕನ್ನಡದಲ್ಲಿ ನಾನು ಯಾರು?

ಶುರುವಿನಲ್ಲಿ ಯಾರೋ ತಮಾಷೆಗೆ ‘ಮೇಷ್ಟ್ರೇ’ ಅಂದರು. ಅದೇ ಅಂಟಿಕೊಂಡಿತು. ಆದರೆ ಮೇಷ್ಟ್ರು ಅಂದ ಕೂಡಲೇ ಎಲ್ಲರೂ ಮಕ್ಕಳಾಗಿಬಿಡುತ್ತಾರೆ. “ಮೇಷ್ಟ್ರೇ, ನಾನು ದೋಣಿ ಹತ್ತಬಹುದಾ?” ಎಂದು ಕೇಳುತ್ತಾರೆ. ಹತ್ತಿ ಮಾರಾಯ್ರೇ, ನನ್ನನ್ನು ಯಾಕೆ ಕೇಳುತ್ತೀರಿ! ನನಗೆ ಬೇಕಾದದ್ದು ಅಪ್ಪಣೆ ಕೇಳದೆ ಹತ್ತುವ ಜನ. ಹೆಸರು ಸರಿ ಇಲ್ಲದಿದ್ದರೆ ಆಟವೂ ವಾಲುತ್ತದೆ ಎಂದು ನನಗೆ ಗೊತ್ತಾಗಿದ್ದೇ ಆಗ.

ಬೇರೆ ಕಡೆಯವರು ಏನು ಮಾಡಿದ್ದಾರೆ ನೋಡೋಣ ಅಂದುಕೊಂಡೆ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರಲ್ಲ, ಅದರಲ್ಲಿ ಆಡಿಸುವವರು ಡಂಜನ್ ಮಾಸ್ಟರ್. ಡಂಜನ್ ಅಂದರೆ ನೆಲದಡಿಯ ಸೆರೆಮನೆ. ಅಂದರೆ ನಾನು ನೆಲಮಾಳಿಗೆ ಮೇಷ್ಟ್ರು! 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಇದೆ. ಹಲವರು ಒಟ್ಟಿಗೆ ಬರೀ ಅಕ್ಷರದಲ್ಲಿ ಆಡುವ ಕಂಪ್ಯೂಟರ್ ಆಟಗಳ ವಂಶಕ್ಕೆ ಮೂಲಪುರುಷ ಅದು. ಅಲ್ಲಿ ಸಾಕಷ್ಟು ಅಂಕ ಗಳಿಸಿದವರು ವಿಝರ್ಡ್ ಆಗುತ್ತಿದ್ದರು, ಆಟದ ಉಸ್ತುವಾರಿಯ ಅಧಿಕಾರವೂ ಸಿಗುತ್ತಿತ್ತು. ಇದನ್ನು ‘ಮಂತ್ರವಾದಿ’ ಮಾಡಿದರೆ ನಮ್ಮಲ್ಲಿ ನಿಂಬೆಹಣ್ಣು, ಕುಂಕುಮ ನೆನಪಾಗುತ್ತದೆ. ಬೇಡ.

‘ಸೂತ್ರಧಾರ’ ಎಲ್ಲರ ಬಾಯಿಗೂ ಮೊದಲು ಬರುವ ಪದ. ಇದರ ಮೇಲೆ ನನಗೆ ತಕರಾರಿದೆ. ಈಗಿನ ಬಳಕೆಯಲ್ಲಿ ಸೂತ್ರಧಾರ ಅಂದರೆ ದಾರ ಹಿಡಿದು ಕುಣಿಸುವವನು. ಪೇಪರಿನಲ್ಲಿ ದರೋಡೆಗೂ ಒಬ್ಬ ‘ಪ್ರಮುಖ ಸೂತ್ರಧಾರ’ ಇರುತ್ತಾನೆ. ಆದರೆ ಬರಹದಾಟದ ಮಜವೇ ದಾರ ಯಾರ ಕೈಯಲ್ಲೂ ಇಲ್ಲದಿರುವುದು. ಅಂಬಿಗ ದೋಣಿಯನ್ನು ಆಚೆ ದಡಕ್ಕೆ ಒಯ್ಯುತ್ತಾನೆ ಎಂದು ನಾನು ನಾಲ್ಕು ಸನ್ನಿವೇಶ ಬರೆದಿಟ್ಟಿರುತ್ತೇನೆ. ಅವನು ನಡುಹೊಳೆಯಲ್ಲಿ ಹುಟ್ಟು ಒಳಗೆಳೆದುಕೊಂಡು “ಮೊದಲು ಹಳೇ ಬಾಕಿ ಕೊಡಿ” ಅನ್ನುತ್ತಾನೆ. ನನ್ನ ನಾಲ್ಕೂ ಸನ್ನಿವೇಶ ಹೊಳೆಪಾಲು. ಇಂಥ ಹೊತ್ತಿನಲ್ಲಿ ನಾನು ಸೂತ್ರಧಾರನಾ?

ಕುಂದಾಪುರದ ಗೆಳೆಯರೊಬ್ಬರು, ಅಂಬಿಗನನ್ನು ಆಡುವವರು ಅವರೇ, ಒಂದು ದಿನ ಅಂದರು: “ಹ್ವಾಯ್, ನಾವು ಮಾಡ್ತಿರೋದು ತಾಳಮದ್ದಳೆ ಅಲ್ವಾ?” ನನಗೆ ಒಂದು ನಿಮಿಷ ಮಾತೇ ಬರಲಿಲ್ಲ. ತಾಳಮದ್ದಳೆ ಯಕ್ಷಗಾನದ್ದೇ ಒಂದು ಬಗೆ, ಆದರೆ ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಎದುರುಬದುರು ಕೂತು ಮಾತಿನಲ್ಲೇ ಕರ್ಣನಾಗಬೇಕು, ಕೃಷ್ಣನಾಗಬೇಕು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಆಮೇಲೆ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಅದನ್ನು ಬೆಳೆಸುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ, ಎದುರಿನವರು ಏನು ಕೇಳುತ್ತಾರೆ ಎಂಬುದೂ ಗೊತ್ತಿರುವುದಿಲ್ಲ. ವಾದ ಎಲ್ಲೆಲ್ಲಿಗೋ ಹೋದರೆ ಭಾಗವತರು ಜಾಗಟೆ ತಟ್ಟಿ ಮುಂದಿನ ಪದ್ಯ ಎತ್ತಿಕೊಂಡರಾಯಿತು, ಕಥೆ ದಾರಿಗೆ ಬರುತ್ತದೆ. ಯಾರಿಗೂ ‘ಹೀಗೇ ಹೇಳು’ ಅನ್ನುವುದಿಲ್ಲ, ಆದರೂ ಪ್ರಸಂಗ ಅವರ ಹಿಡಿತದಲ್ಲಿರುತ್ತದೆ. ಯಕ್ಷಗಾನದಲ್ಲಿ ಭಾಗವತರನ್ನೇ ಮೊದಲನೇ ವೇಷ ಅನ್ನುವುದೂ ಉಂಟು. ನನ್ನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಕರಾವಳಿಯಲ್ಲಿ ಯಕ್ಷಗಾನ ನೋಡಲು ಹೊರಟವರು ‘ಆಟಕ್ಕೆ ಹೋಗ್ತೇವೆ’ ಅನ್ನುತ್ತಾರೆ. ತಾಳಮದ್ದಳೆಯಾದರೆ ಅದು ಕೂಟ. ವೇಷ ಕಟ್ಟಿ ಕುಣಿದರೆ ಆಟ, ಕೂತು ಮಾತಾಡಿದರೆ ಕೂಟ. ಹಾಗಾದರೆ ಚಿತ್ರವಿರುವ ಕಂಪ್ಯೂಟರ್ ಆಟ ‘ಆಟ’, ನಮ್ಮದು ‘ಬರಹಕೂಟ’ ಆಗಬಹುದಲ್ಲ? ‘ಪಾತ್ರಾಭಿನಯ ಕ್ರೀಡೆ’ ಎಂಬ ಒಂದು ಅನುವಾದವನ್ನು ನಮ್ಮ ಗುಂಪಿನವರೇ ಯಾರೋ ಮಾಡಿದ್ದರು. ಅದನ್ನು ಓದಿದ ಮೇಲೆ ಆಡುವ ಮನಸ್ಸೇ ಹೋಗುತ್ತದೆ. ನಮ್ಮ ‘ಆಡು’ ಎಂಬ ಕ್ರಿಯಾಪದಕ್ಕೇ ಎರಡೂ ಅರ್ಥ ಇದೆ ನೋಡಿ. ಚೆಂಡನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಮಾತೇ ಆಟವಾದ ಜಾಗಕ್ಕೆ ಕ್ರೀಡೆ ಯಾಕೆ ಬೇಕು?

‘ಭಾಗವತ’ಕ್ಕೆ ಎದುರು ಹೇಳಿದವರು ಬೆಂಗಳೂರಿನವರು. ಅವರ ಕಿವಿಗೆ ಭಾಗವತ ಅಂದರೆ ಪುರಾಣ, ಇಲ್ಲವೇ ಯಾರದೋ ಮನೆತನದ ಹೆಸರು. ಕರಾವಳಿ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ ಎಂಬುದು ಅವರ ಮಾತು. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟದಲ್ಲೂ ಭಾಗವತ ಇದ್ದಾನೆ. ದೂತಿಯ ಜತೆ ಅವನ ಮಾತಿನ ಚಕಮಕಿ ಕೇಳಲೆಂದೇ ಜನ ಕೂರುತ್ತಾರೆ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದಲ್ಲೂ ಭಾಗವತರಿದ್ದಾರೆ. ಪದ ಊರೂರಲ್ಲಿ ಇದೆ, ಪೇಟೆಯವರಿಗೆ ಮರೆತಿದೆ ಅಷ್ಟೇ.

ಆದರೆ ಬಳ್ಳಾರಿ ಕಡೆಯ ಗೆಳೆಯರು ಹೇಳಿದ ಪದ ನನ್ನನ್ನು ಗೊಂದಲಕ್ಕೆ ಹಾಕಿದೆ: ‘ಸಾರಥಿ’. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು “ತಾವು ಯಾರು? ತಮ್ಮ ಹೆಸರೇನು, ಊರು ಯಾವುದು?” ಎಂದು ಕೇಳುತ್ತಾನೆ. ಪಾತ್ರ “ಎಲೈ ಸಾರಥಿ” ಎಂದು ಗತ್ತಿನಿಂದ ಶುರು ಮಾಡಿ ತನ್ನ ಕಥೆ ಹೇಳಿಕೊಳ್ಳುತ್ತದೆ. ಹೊಸಬರು ಯಾರೇ ಸೇರಲಿ, ನಾನು ಮಾಡುವ ಮೊದಲ ಕೆಲಸ ಇದೇ. ನಿಮ್ಮ ಪಾತ್ರ ಯಾರು, ಎಲ್ಲಿಯವರು, ಜೇಬಿನಲ್ಲಿ ಏನಿದೆ. (ಆ ಕಾಲದಲ್ಲಿ ಜೇಬು ಎಲ್ಲಿತ್ತು ಎಂದು ಒಬ್ಬರು ತಿದ್ದಿದರು. ಈಗ ‘ಸೊಂಟದ ಚೀಲದಲ್ಲಿ’ ಎಂದು ಕೇಳುತ್ತೇನೆ.) ಸಾರಥಿ ರಥ ನಡೆಸುತ್ತಾನೆ, ಬಾಣ ಬಿಡುವುದಿಲ್ಲ. ಇದೂ ಸರಿಯಾಗಿದೆ. ಈಗ ಗುಂಪಿನಲ್ಲಿ ಮೂರು ಮತ ಭಾಗವತರಿಗೆ, ಮೂರು ಸಾರಥಿಗೆ. ಏಳನೆಯವನು ನಾನು.

ಇನ್ನು ಬಾಲದ ಪದಗಳು.

ಕಥೆ ನಡೆಯುವ ಜಾಗ ಒಂದು, ನಾವು ನಾವಾಗಿ ಹರಟೆ ಹೊಡೆಯುವ ಜಾಗ ಇನ್ನೊಂದು. ಎರಡನೆಯದಕ್ಕೆ ‘ಚೌಕಿ’ ಎಂದು ಇಟ್ಟೆವು. ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಳ್ಳುವ ಜಾಗ ಚೌಕಿ ತಾನೇ? ಅಲ್ಲಿ ರಾವಣನೂ ಚಾ ಕುಡಿಯುತ್ತಾನೆ. ಆದರೆ ಹುಬ್ಬಳ್ಳಿಯವರಿಗೆ ಚೌಕಿ ಅಂದರೆ ಪೊಲೀಸ್ ಚೌಕಿ. ತೀರ್ಥಹಳ್ಳಿಯವರಿಗೆ ಚೌಕಿಮನೆಯ ಅಂಗಳ. “ಚೌಕಿಗೆ ಬನ್ನಿ, ಮಾತಾಡಬೇಕು” ಎಂದು ನಾನು ಬರೆದದ್ದಕ್ಕೆ ಹುಬ್ಬಳ್ಳಿಯವರು “ನಾ ಏನ್ ತಪ್ಪು ಮಾಡೇನ್ರಿ?” ಅಂದರು. ಈಗ ಅದೇ ನಮ್ಮ ಗುಂಪಿನ ಹಳೇ ಜೋಕು. ಪದ ಮಾತ್ರ ಉಳಿದಿದೆ.

ಲಿಂಗದ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬಾ ಖುಷಿ ಕೊಟ್ಟ ಪ್ರಸಂಗ. ನಾವು ಪಾತ್ರಗಳನ್ನು ಹೊರಗಿನಿಂದ ನೋಡಿದ ಹಾಗೆ ಬರೆಯುತ್ತೇವೆ. ‘ಅಂಬಿಗ ನಕ್ಕ’, ‘ದುಭಾಷಿ ತಲೆ ಕೆರೆದುಕೊಂಡ’, ಹೀಗೆ. ಶಿವಮೊಗ್ಗದವರೊಬ್ಬರು ಹುಡುಗನ ವೇಷದ ಹುಡುಗಿಯನ್ನು ಆಡಲು ಬಯಸಿದರು. ಯಾರಿಗೂ ಹೇಳಲಿಲ್ಲ, ನನಗೂ. ಕನ್ನಡದಲ್ಲಿ ಇದು ಕಷ್ಟ. ‘ಬಂದ’ ಅಂದರೆ ಸುಳ್ಳು, ‘ಬಂದಳು’ ಅಂದರೆ ಗುಟ್ಟು ರಟ್ಟು. ಅವರು ಏನು ಮಾಡಿದರು ಗೊತ್ತಾ? ಎತ್ತು ಹೊಡೆಯುವ ಪೋರನಿಗೆ ‘ಮರಿ’ ಎಂದು ಹೆಸರಿಟ್ಟರು. ‘ಮರಿ ಬಂತು. ಮರಿ ಹಗ್ಗ ಬಿಚ್ಚಿತು. ಮರಿ ಏನೂ ಮಾತಾಡಲಿಲ್ಲ.’ ಚಿಕ್ಕ ಮಕ್ಕಳಿಗೆ ‘ಬಂತು, ಹೋಯಿತು’ ಅನ್ನುವುದು ಮಾಮೂಲಿ. ಯಾರಿಗೂ ಏನೂ ಅನಿಸಲಿಲ್ಲ. ಐದು ತಿಂಗಳು ನಾವೆಲ್ಲ ಮರಿಯನ್ನು ‘ಲೋ’ ಎಂದೇ ಕರೆದೆವು.

ಒಂದು ರಾತ್ರಿ ದೋಣಿ ವಾಲಿತು. ಮರಿ ನೀರಿಗೆ ಬಿತ್ತು, ಅಂಬಿಗ ಎತ್ತಿ ಹಾಕಿದ. ತಲೆಗೆ ಸುತ್ತಿದ ಬಟ್ಟೆ ಹೊಳೆ ಪಾಲಾಯಿತು. ಆಮೇಲೆ ಶಿವಮೊಗ್ಗದವರ ಪಾಳಿ. ಬರೆದದ್ದು ಒಂದೇ ಸಾಲು: ‘ಮರಿ ಎದ್ದು ನಿಂತಳು.’

ಆ ‘ಳು’ ನೋಡಿ ಗುಂಪಿನಲ್ಲಿ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಚೌಕಿಯಲ್ಲಿ ಗಲಾಟೆಯೋ ಗಲಾಟೆ. ಶಿರಸಿಯವರು ಮಾತ್ರ ತಣ್ಣಗೆ ಅಂದರು: “ನಂಗೆ ಮೊದಲೇ ಅನುಮಾನ ಇತ್ತು. ನಮ್ಮ ಹವ್ಯಕರ ಮನೆಗಳಲ್ಲಿ ಹೆಂಗಸರಿಗೇ ‘ಬಂತು’ ಅನ್ನೋದು.” ಅವರ ಮನೆಮಾತಿನಲ್ಲಿ ಅಕ್ಕನೂ ಬಂತು, ಅತ್ತಿಗೆಯೂ ಬಂತು. ನಮಗೆ ಮಗುವಾಗಿ ಕಂಡದ್ದು ಅವರಿಗೆ ಮೊದಲ ದಿನವೇ ಹೆಣ್ಣಾಗಿ ಕಂಡಿತ್ತು. ಬೇರೆ ಕಡೆಗಳಲ್ಲಿ, ಹದಿನೈದು ಹದಿನಾರರ ಹುಡುಗರಿಗೂ ಅಕ್ಕರೆಯಿಂದ ‘ಬಂತು, ಉಂಡಿತು’ ಎಂದು ಬಳಸುವುದು ಉಂಟಾ? ನಿಮ್ಮ ಊರಿನ ಬಳಕೆ ತಿಳಿಸಿ.

ಇನ್ನೊಂದು, ಜಗಳದ್ದು. ಸುಂಕದವನನ್ನು ಆಡುವವರು ಒಮ್ಮೆ ಬರೆದರು: ‘ಸುಂಕದವನ ಗದರಿಕೆಗೆ ಅಂಬಿಗ ಗಡಗಡ ನಡುಗಿ ಕಾಲಿಗೆ ಬಿದ್ದ.’ ಕುಂದಾಪುರದವರಿಗೆ ಸಿಟ್ಟು ನೆತ್ತಿಗೇರಿತು. “ಗದರಿಸುವುದು ನಿಮ್ಮ ಹಕ್ಕು. ನಡುಗುವುದೋ ನಗುವುದೋ ನನ್ನ ಹಕ್ಕು” ಎಂದು ನಾಲ್ಕು ದಿನ ಬರೆಯಲಿಲ್ಲ. ನ್ಯಾಯ ಅವರ ಕಡೆಗೇ ಇತ್ತು. ಅರ್ಥಧಾರಿ ಎದುರಾಳಿಯನ್ನು ಮಾತಿನಲ್ಲಿ ಎಷ್ಟು ಬೇಕಾದರೂ ಇಕ್ಕಟ್ಟಿಗೆ ಸಿಕ್ಕಿಸಬಹುದು, ಆದರೆ ಅವರ ಉತ್ತರವನ್ನೂ ತಾನೇ ಹೇಳಲಾಗದು. ಇನ್ನೊಬ್ಬರ ಪಾತ್ರವನ್ನು ಹೀಗೆ ತಾವೇ ಆಡಿಸುವುದನ್ನು ಇಂಗ್ಲಿಷ್ ಆಟಗಾರರು ಗಾಡ್‌ಮಾಡಿಂಗ್ ಅನ್ನುತ್ತಾರೆ. ನಾವು ‘ಪರಕಾಯ’ ಎಂದು ಶುರು ಮಾಡಿದೆವು. ‘ಪರಕಾಯ ಮಾಡಬೇಡಿ’ ಎಂದು ನಿಯಮದಲ್ಲೂ ಹಾಕಿದೆವು. ತೊಂದರೆ ಏನೆಂದರೆ, ನಾಟಕ ಸಿನಿಮಾ ವಿಮರ್ಶೆಯಲ್ಲಿ ‘ಪರಕಾಯ ಪ್ರವೇಶ’ ಅಂದರೆ ಹೊಗಳಿಕೆ. ಹೊಸದಾಗಿ ಬಂದವರೊಬ್ಬರಿಗೆ “ಇದು ಪರಕಾಯ ಆಯ್ತು” ಎಂದರೆ ಅವರು ಕೈಮುಗಿದು ಧನ್ಯವಾದ ಹೇಳಿದರು! ‘ಮೈಮೇಲೆ ಬರೋದು’ ಎಂದೂ ಪ್ರಯತ್ನಿಸಿದೆವು. ಅದು ದೈವದ ವಿಷಯ, ತಮಾಷೆ ಬೇಡ ಎಂದು ಒಬ್ಬರಿಗೆ ಅನಿಸಿತು, ಬಿಟ್ಟೆವು. ಇದಕ್ಕೆ ಬೈಗುಳವೂ ಅಲ್ಲದ, ಹೊಗಳಿಕೆಯೂ ಅಲ್ಲದ ಒಂದು ಪದ ಬೇಕು.

ಉಳಿದವಕ್ಕೆ ನಿಮ್ಮ ತಲೆ ತಿನ್ನುವುದಿಲ್ಲ, ಅವು ತಾವಾಗಿಯೇ ಬಂದಿವೆ. ಯಾರಿಗೂ ಸೇರದ, ನಾನೇ ಬರೆಯುವ ಊರವರು, ದಾರಿಹೋಕರು ‘ಲೆಕ್ಕಕ್ಕಿಲ್ಲದವರು’. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತಿನಿಂದ. ನಾನು ಕಥೆಯನ್ನು ನನ್ನ ಕಡೆ ಜಾಸ್ತಿ ಎಳೆದರೆ “ಮೂಗುದಾರ!” ಎಂದು ಕೂಗುತ್ತಾರೆ. ಎತ್ತಿನ ಕಥೆಯಾದ್ದರಿಂದ ಅದು ಸುಲಭವಾಗಿ ಬಂತು. ಅದೃಷ್ಟ ನೋಡಬೇಕಾದಾಗ, ಇಂಗ್ಲಿಷಿನ ಇಂಥ ಆಟಗಳಲ್ಲಿ ಬಳಸುವ ಇಪ್ಪತ್ತು ಮುಖದ ದಾಳ ಬಿಟ್ಟು, ಚೌಕಾಬಾರದ ನಾಲ್ಕು ಕವಡೆ ಹಿಡಿದಿದ್ದೇವೆ. ಅವರವರ ಮನೆಯಲ್ಲಿ ಅವರವರೇ ಹಾಕಿ ಬಿದ್ದದ್ದನ್ನು ಹೇಳಬೇಕು. ಒಂದು ಬಿದ್ದರೆ ಕೆಲಸ ಕೆಟ್ಟಿತು, ಎರಡಾದರೆ ಅರ್ಧ ಆಯಿತು, ಮೂರಾದರೆ ಆಯಿತು. ನಾಲ್ಕೂ ಮೇಲಾಗಿ ಚೌಕ ಬಿದ್ದರೆ, ಇಲ್ಲವೇ ನಾಲ್ಕೂ ಬೋರಲಾಗಿ ಬಾರ ಬಿದ್ದರೆ, ಯಾರೂ ನೆನೆಸದ್ದು ಆಗಬೇಕು. ದುಭಾಷಿಗೆ ಮಾತ್ರ ವಾರಕ್ಕೆರಡು ಸಲ ಬಾರ ಬೀಳುತ್ತದೆ. ಅವರ ಕವಡೆಯ ಮೇಲೆ ನನಗೆ ಸಣ್ಣ ಸಂಶಯ ಇದೆ.

ಹಾಗಾಗಿ ಕೇಳುತ್ತಿರುವುದು ಎರಡೇ. ಆಡಿಸುವವರು ಭಾಗವತರೋ, ಸಾರಥಿಯೋ? ನಿಮ್ಮ ಕಡೆಯ ಬಯಲಾಟ, ಸಣ್ಣಾಟ, ಗೊಂಬೆಯಾಟಗಳಲ್ಲಿ ಈ ಕೆಲಸದವರಿಗೆ ಬೇರೆ ಹೆಸರಿದ್ದರೆ ಅದನ್ನೂ ಹೇಳಿ. ಮತ್ತೆ, ಇನ್ನೊಬ್ಬರ ಪಾತ್ರದ ಬಾಯಿಗೆ ಮಾತು ತುರುಕುವುದಕ್ಕೆ ಮೇಳದವರ ಒಳಮಾತಿನಲ್ಲಿ ಏನಾದರೂ ಪದ ಇದೆಯಾ?

ಉತ್ತರ ನಿಧಾನವಾಗಿ ಬಂದರೂ ತೊಂದರೆ ಇಲ್ಲ. ದೋಣಿ ಇನ್ನೂ ನಡುಹೊಳೆಯಲ್ಲೇ ಇದೆ, ಅಂಬಿಗ ಬಾಕಿ ಕೇಳುತ್ತಾ ಕೂತಿದ್ದಾನೆ.